ಬೆಚ್ಚಗಿನ ಉಕ್ಕು

"ಎಂಟು ಡಿಗ್ರಿ ಜಾಸ್ತಿ ಇದೆ," ಎಂದಳು ತೀರ್ಪುಗಾರ್ತಿ ಫ್ರೌ ಕೆಸ್ಲರ್, ಥರ್ಮಾಮೀಟರನ್ನು ಬಂಡಿಯಿಂದ ಎತ್ತುತ್ತಾ.

ಗೆಸೀನೆ ಬಗ್ಗಿ ಥರ್ಮಾಮೀಟರಿನ ಅಂಕಿಯನ್ನು ತಾನೇ ನೋಡಿದಳು. ಮೂವತ್ತೊಂದರ ಹೆಂಗಸು. ಹದಿನೆಂಟು ಚಳಿಗಾಲಗಳಿಂದ ಈ ಮಂಜುಗಡ್ಡೆಯ ಓಣಿಯಲ್ಲಿ ಅಂಗಾತ ಮಲಗಿ, ಕಾಲು ಮುಂದೆ ಚಾಚಿ, ಗಂಟೆಗೆ ನೂರಿಪ್ಪತ್ತು ಕಿಲೋಮೀಟರ್ ವೇಗದಲ್ಲಿ ಜಾರಿದವಳು. ಹಲ್ಲು ಮುರಿದಿತ್ತು, ಮಣಿಕಟ್ಟು ಮುರಿದಿತ್ತು. ಬಂಡಿ ಮಾತ್ರ ಎಂದೂ ಅಳತೆಯಲ್ಲಿ ಸಿಕ್ಕಿಬಿದ್ದಿರಲಿಲ್ಲ.

ಲ್ಯೂಜ್ ಬಂಡಿಯ ಕೆಳಗಿನ ಉಕ್ಕಿನ ಪಟ್ಟಿ ಬೆಚ್ಚಗಿದ್ದಷ್ಟೂ ಬಂಡಿ ಜೋರಾಗಿ ಓಡುತ್ತದೆ. ಅದಕ್ಕೇ ಸ್ಪರ್ಧೆಯ ದಿನ ಅಂಥದೇ ಒಂದು ಉಕ್ಕಿನ ಪಟ್ಟಿಯನ್ನು ಮೊದಲೇ ಹೊರಗೆ ಚಳಿಯಲ್ಲಿ ತೂಗುಹಾಕಿರುತ್ತಾರೆ. ಬಂಡಿಯ ಪಟ್ಟಿ ಅದಕ್ಕಿಂತ ಐದು ಡಿಗ್ರಿ ಮೀರಿತೋ, ಬಂಡಿ ಕಟ್ಟಿಕೊಂಡು ಮನೆಗೆ ಹೋಗಬೇಕು. ಜರ್ಮನಿಯ ತುರಿಂಗಿಯಾದ ಈ ಕಾಡಿನಲ್ಲಿ ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. ಅದೂ ಇವತ್ತೇ ಆಗಬೇಕೇ! ಒಲಿಂಪಿಕ್ ತಂಡದಲ್ಲಿ ಉಳಿದದ್ದು ಒಂದೇ ಜಾಗ, ಅದಕ್ಕಾಗಿ ಇವತ್ತಿನ ಸ್ಪರ್ಧೆ. ಮುಂದಿನ ಒಲಿಂಪಿಕ್‌ವರೆಗೆ ಅವಳ ಮೈ ಕಾಯುವುದಿಲ್ಲ.

"ಇನ್ನೊಂದ್ಸಲ ಅಳೀರಿ!"

"ಮೂರ್ಸಲ ಅಳ್ದಾಯ್ತು. ದಯವಿಟ್ಟು ಪಕ್ಕಕ್ಕೆ ಬನ್ನಿ."

ಹಿಂದೆ ಸರದಿಯಲ್ಲಿ ಹತ್ತೊಂಬತ್ತರ ಸ್ವೆನ್ಯಾ ಬಾಯಿ ಬಿಟ್ಟುಕೊಂಡು ನಿಂತಿದ್ದಳು. ಗೆಸೀನೆ ಹೊರಬಿದ್ದರೆ ಆ ಜಾಗ ಅವಳಿಗೇ.

"ಏನೇ, ಹೊಟ್ಟೆ ತಣ್ಣಗಾಯ್ತಾ?" ಗೆಸೀನೆ ಅವಳ ಮೇಲೆ ಹರಿಹಾಯ್ದಳು. "ಬೆಳಗ್ಗೆ ನನ್ ಬಂಡಿ ಹತ್ರ ನಿಂಗೇನ್ ಕೆಲ್ಸ ಇತ್ತು?"

"ನೋಡೋಕ್ ಬಂದಿದ್ದೆ ಅಷ್ಟೆ, ಗೆಸೀನೆ. ನಿಮ್ಮಪ್ಪ ಉಜ್ಜೋ ಥರ ಪಟ್ಟಿನ ಇಲ್ಲಿ ಯಾರೂ ಉಜ್ಜಲ್ಲ. ದೇವರಾಣೆಗೂ ಮುಟ್ಟಿಲ್ಲ."

"ನಾಟಕ ಬೇರೆ!"

ತೀರ್ಪುಗಾರರ ಕೋಣೆಯಿಂದ ದೂರಿನ ಅರ್ಜಿ ಇಸಿದುಕೊಂಡಳು. ಅರ್ಧ ಗಂಟೆಯೊಳಗೆ ಬರೆದು ಕೊಡಬೇಕು. ಸ್ವೆನ್ಯಾಳ ಹೆಸರನ್ನು ಅಲ್ಲೇ ನಿಂತು ಗೀಚಿದಳು. ಇನ್ನು ಸಾಕ್ಷಿಗೆ ಅಪ್ಪನ ರುಜು ಬೇಕು. ಅವಳ ಬಂಡಿಗಳನ್ನೆಲ್ಲ ಮಾಡಿದವನು ಅವನೇ, ಎಗೋನ್. ಅವನನ್ನು ಬಿಟ್ಟು ಇನ್ನೊಬ್ಬರು ಆ ಉಕ್ಕಿಗೆ ಬೆರಳು ತಾಗಿಸುವಂತಿರಲಿಲ್ಲ.

ಅಪ್ಪ ವಾಹನ ನಿಲ್ಲಿಸುವ ಜಾಗದಲ್ಲಿ, ತಮ್ಮ ಹಳೇ ವ್ಯಾನಿನ ಹಿಂದೆ ಬಗ್ಗಿಕೊಂಡು ಚೀಲವೊಂದನ್ನು ಸೀಟಿನ ಕೆಳಗೆ ತುರುಕುತ್ತಿದ್ದ.

"ಅಪ್ಪಾ, ಬಾ ಬೇಗ! ಸ್ವೆನ್ಯಾ ಬಂಡಿ ಮುಟ್ಟಿದ್ದು ನೀನೂ ನೋಡ್ದೆ ಅಂತ ಬರಿ."

"ಬೇಡ ಬಿಡೇ," ಎಂದ ಎಗೋನ್, ತಲೆ ಎತ್ತದೆ.

"ಬೇಡ ಅಂದ್ರೆ? ನನ್ ಜೀವನಾನೇ ಹಾಳ್ಮಾಡಿದಾಳೆ ಅವ್ಳು!"

ಅವನು ತಿರುಗದೆ ಚೀಲವನ್ನು ಇನ್ನೂ ಒಳಕ್ಕೆ ಒತ್ತಿದ. ಆ ಬೆನ್ನು ನೋಡಿಯೇ ಅವಳಿಗೆ ಏನೋ ಅನ್ನಿಸಿತು. ಚೀಲ ಎಳೆದಳು. ಒಳಗೆ ಪಟ್ಟಿಗೆ ತೊಡಿಸುವ ದಪ್ಪ ಉಣ್ಣೆಯ ಗವಸು ಒದ್ದೆಮುದ್ದೆಯಾಗಿತ್ತು, ಇನ್ನೂ ಹಬೆಯಾಡುತ್ತಿತ್ತು. ಪಕ್ಕದಲ್ಲೇ ಬಿಸಿನೀರಿನ ಫ್ಲಾಸ್ಕು, ಖಾಲಿ.

"ನೀನಾ?"

"ಈ ಹೊಸ ಹೆಂಗ್ಸು ಇಷ್ಟ್ ಕಟ್ಟುನಿಟ್ಟು ಅಂತ ಯಾರಿಗ್ಗೊತ್ತಿತ್ತು? ಲೋಥಾರ್ ಇದ್ದಿದ್ರೆ..." ಎಂದವನು ತುಟಿ ಕಚ್ಚಿಕೊಂಡ.

ಲೋಥಾರ್ ಅಪ್ಪನ ವರ್ಕ್‌ಶಾಪಿನ ಗೆಳೆಯ. ನಿವೃತ್ತನಾಗುವವರೆಗೆ ಇಲ್ಲಿ ಥರ್ಮಾಮೀಟರ್ ಹಿಡಿಯುತ್ತಿದ್ದವನು.

"ಲೋಥಾರ್ ಇದ್ದಿದ್ರೆ ಏನಪ್ಪಾ? ಹೇಳು."

"ಅವ್ನು ನೋಡ್ತಾನೇ ಇರ್ಲಿಲ್ಲ. ಅವತ್ತೂ ಸುಮ್ನೆ ಒಂದು ಅಂಕಿ ಬರ್ಕೊಂಡ."

"ಯಾವತ್ತು?"

ಎಗೋನ್ ಮೂಗು ಒರೆಸಿಕೊಂಡ. "ವಿಶ್ವ ಚಾಂಪಿಯನ್‌ಷಿಪ್ ಇಲ್ಲೇ ನಡೀತಲ್ಲ, ಅವತ್ತು. ಅದೊಂದೇ ಸಲ ಕಣೇ, ಆಮೇಲೆ ಇವತ್ತು. ಗೆದ್ದಿದ್ದು ನೀನೇ, ನಾನು ಒಂಚೂರು ಬೆಚ್ಚಗೆ ಮಾಡ್ದೆ ಅಷ್ಟೆ."

ಅಷ್ಟೆಯಂತೆ! ಗೆಸೀನೆ ವ್ಯಾನಿನ ಬಾಗಿಲು ಹಿಡಿದುಕೊಂಡಳು. ಅವಳ ಬದುಕಿನ ಒಂದೇ ಒಂದು ಚಿನ್ನ ಅದು. ಆಸ್ಟ್ರಿಯಾದ ವಾಲ್ಬುರ್ಗಾಳನ್ನು ಸೆಕೆಂಡಿನ ಸಾವಿರದಲ್ಲಿ ಎರಡು ಪಾಲಿನಿಂದ ಸೋಲಿಸಿದ್ದಳು. ಆ ಹುಡುಗಿ ಕೊನೆಯ ತಿರುವಿನ ಕೆಳಗೆ ಕುಕ್ಕರಿಸಿ ಅತ್ತಿದ್ದಳು, ಮರುವರ್ಷ ಆಟವನ್ನೇ ಬಿಟ್ಟಳು. ಇವಳಿಗೋ, ಆಮೇಲಿನ ಹತ್ತು ವರ್ಷ ಬೆವರು ಸುರಿಸಿದ್ದಕ್ಕೆ ಸಿಕ್ಕಿದ್ದು ಮೂರನೆಯದು, ನಾಲ್ಕನೆಯದು, ಆರನೆಯದು. ನನಗೇನಾಯ್ತು, ಎಲ್ಲಿ ತಪ್ಪುತ್ತಿದ್ದೇನೆ ಎಂದು ತನ್ನನ್ನೇ ಬೈದುಕೊಂಡು ಎಷ್ಟು ಸಲ ಅತ್ತಿದ್ದಳು! ತಪ್ಪಿದ್ದು ಏನೂ ಇರಲಿಲ್ಲ. ಅವಳಿದ್ದದ್ದೇ ಅಷ್ಟು.

"ಹತ್ತು ವರ್ಷ ನನ್ ಎದುರಿಗೇ ಕೂತು ಊಟ ಮಾಡಿದೀಯಲ್ಲಪ್ಪಾ," ಎಂದಳು.

"ನಿಂಗೋಸ್ಕರ ಪುಟ್ಟೀ..."

"ಮಾತಾಡ್ಬೇಡ."

ಹತ್ತು ನಿಮಿಷ ಉಳಿದಿತ್ತು. ವ್ಯಾನಿನ ಮೇಲೆ ಅರ್ಜಿ ಇಟ್ಟು ಸ್ವೆನ್ಯಾಳ ಹೆಸರನ್ನು ಕಾಗದ ಹರಿಯುವಂತೆ ಹೊಡೆದುಹಾಕಿದಳು. ಕೆಳಗೆ ನಾಲ್ಕು ಸಾಲು ಬರೆದಳು. ಅಪ್ಪ ಹೆಗಲ ಮೇಲಿಂದ ಇಣುಕಿ ಓದಿ ಬೆಚ್ಚಿಬಿದ್ದ. "ಆ ಹಳೇದನ್ನ ಯಾಕ್ ಬರೀತಿದೀಯೇ? ಯಾರ್ ಕೇಳಿದ್ರು ನಿನ್ನ? ಹುಚ್ಚು ಹಿಡೀತಾ?"

ಅವಳು ಅರ್ಜಿ ಹಿಡಿದು ತೀರ್ಪುಗಾರರ ಕೋಣೆಗೆ ನಡೆದಳು.

ಫ್ರೌ ಕೆಸ್ಲರ್ ಅರ್ಜಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದಳು.

"ಇವತ್ತಿಂದು ಸರಿ. ಆದ್ರೆ ಇದು... ಇದನ್ನ ನಾನು ತಗೊಂಡ್ರೆ ನಿಮ್ಮ ಚಿನ್ನ ಹೋಗುತ್ತೆ, ಗೊತ್ತಾ?"

"ನಂದಾಗಿದ್ರೆ ತಾನೆ ಹೋಗೋದು?" ಎಂದಳು ಗೆಸೀನೆ. "ವಾಲ್ಬುರ್ಗಾ ಈಗ ಎಲ್ಲಿದಾಳೆ ಅಂತ ಯಾರಿಗಾದ್ರೂ ಗೊತ್ತಿದ್ರೆ ಹೇಳಿ."