ತಲೆಕೆಳಗಾದ ಬಾಟಲಿಗಳು

ಹೈನ್ರಿಶ್ ಬಾಟಲಿಯನ್ನು ತಲೆಕೆಳಗಾಗಿಯೇ ಎತ್ತಿ ಗ್ಯಾರೇಜಿನ ಬಾಗಿಲ ಬೆಳಕಿಗೆ ಹಿಡಿದರು. ಒಳಗಿನ ವೈನು ಮಜ್ಜಿಗೆಯ ಹಾಗೆ ಕದಡಿತ್ತು. ಇನ್ನೊಂದನ್ನು ಎತ್ತಿದರು, ಅದೂ ಮಜ್ಜಿಗೆ. ಆರನೆಯದೂ ಹಾಗೇ ಕಂಡಾಗ ಪಕ್ಕದಲ್ಲಿದ್ದ ರುದ್ರೇಶ ತಾನೇ ಏಳನೆಯದನ್ನು ಎತ್ತಿ ನೋಡಿದ.

ಮುದುಕ ಹೈನ್ರಿಶ್ ಜರ್ಮನಿಯಿಂದ ಲಂಡನ್ನಿನ ಹೌನ್ಸ್ಲೋದಲ್ಲಿರುವ ರುದ್ರೇಶನ ಮನೆಗೆ ಬಂದದ್ದೇ ಇದನ್ನು ನೋಡಲು. ಮೊಸೆಲ್ ನದಿಯ ದಂಡೆಯಲ್ಲಿರುವ ಅವರ ಪುಟ್ಟ ವೈನರಿಯಲ್ಲಿ ನೊರೆಯುಕ್ಕುವ ವೈನು ಈ ತೊಂಬತ್ತೆಂಟನೇ ಇಸವಿಯಲ್ಲೂ ಹಳೇ ಪದ್ಧತಿಯಂತೆ ಬಾಟಲಿಯೊಳಗೇ ಎರಡನೇ ಸಲ ಹುದುಗುತ್ತದೆ. ಆಮೇಲೆ ಬಾಟಲಿಗಳನ್ನು ಹಲಗೆಯ ತೂತುಗಳಿಗೆ ತಲೆಕೆಳಗಾಗಿ ಸಿಕ್ಕಿಸಿ, ಬುಡದ ಸುಣ್ಣದ ಗೆರೆ ನೋಡಿಕೊಂಡು, ದಿನಕ್ಕೊಮ್ಮೆ ಒಂದಿಷ್ಟೇ ತಿರುಗಿಸಬೇಕು. ಗಸಿಯೆಲ್ಲ ಮೆಲ್ಲಗೆ ಜಾರಿ ಬಾಟಲಿಯ ಕತ್ತಿಗೆ ಇಳಿದು ವೈನು ತಿಳಿಯಾಗಬೇಕು. ಏರ್‌ಪೋರ್ಟಿನ ಗೋದಾಮಿನ ಕೆಲಸ ಹೋಗಿ ಐದು ತಿಂಗಳಾಗಿದ್ದ ರುದ್ರೇಶನಿಗೆ ಲಂಡನ್ನಿನಲ್ಲಿ ಈ ವೈನು ಮಾರುವ ಏಜೆನ್ಸಿ ಸಿಕ್ಕರೆ ಬದುಕಿದಂತೆ. ತಿರುಗಿಸುವ ತಾಳ್ಮೆ ಇಲ್ಲದವನಿಗೆ ನನ್ನ ವೈನು ಕೊಡುವುದಿಲ್ಲ ಎಂದ ಮುದುಕರು ಇಪ್ಪತ್ತನಾಲ್ಕು ಬಾಟಲಿ ಕೊಟ್ಟು ಮೂರು ವಾರದ ಪರೀಕ್ಷೆ ಇಟ್ಟಿದ್ದರು.

"ದಿನವೂ ತಿರುಗಿಸಿದೆಯಾ?"

"ಇಪ್ಪತ್ತೊಂದು ಸಂಜೆಯೂ" ಎಂದ ರುದ್ರೇಶ. ಸೌತ್‌ಹಾಲ್‌ನಲ್ಲಿ ಗೆಳೆಯರ ಜೊತೆ ಹರಟುತ್ತ ಮರೆತ ಎರಡು ಸಂಜೆಗಳನ್ನು ಮೆಲ್ಲಗೆ ನುಂಗಿಕೊಂಡ. ಆದರೂ ಹೀಗೇಕಾಯಿತೆಂದು ಅವನಿಗೆ ತಿಳಿಯಲಿಲ್ಲ. ಬಾಟಲಿ ಕಡು ಹಸಿರು, ಗ್ಯಾರೇಜಿನ ಬಲ್ಬು ಮಂಕು, ಸಂಜೆ ಹೊತ್ತು ಒಳಗಿನದು ಕಂಡಿದ್ದರೆ ತಾನೇ!

ಅಷ್ಟರಲ್ಲಿ ಅವನ ತಾಯಿ ಪಾರ್ವತೆವ್ವ ಅವಲಕ್ಕಿ ಚೂಡಾದ ತಾಟು ಹಿಡಿದು ಬಂದಳು. ಧಾರವಾಡದಿಂದ ಬಂದು ಎರಡು ತಿಂಗಳಾಗಿತ್ತು. ಹೆಂಡದ ಹೆಸರೆತ್ತಿದರೆ ಸಾಕು, ಎದ್ದು ಹೋಗುವ ಹೆಂಗಸು. ಅದಕ್ಕೇ ರುದ್ರೇಶ ಈ ಬಾಟಲಿಗಳಲ್ಲಿರುವುದು ಜರ್ಮನಿಯ ದ್ರಾಕ್ಷಾಸವ, ಔಷಧಿ, ಎಂದು ಹೇಳಿಬಿಟ್ಟಿದ್ದ.

"ಯಾಕೋ, ಅಜ್ಜಾರ ಮಾರಿ ಸಣ್ಣದಾತು? ಒಂದು ದಿನಾನೂ ತಪ್ಪಿಸಿಲ್ಲ ಅಂತ ಹೇಳವರಿಗೆ."

"ಏನು ತಪ್ಪಿಸಿಲ್ಲ, ಅವ್ವಾ?"

"ಕುಲುಕೋದು! ಆಸವದ್ದು ಗಸಿ ಕೂಡಬಾರದು ಅಂತ ನಮ್ಮ ವೈದ್ಯರು ಹೇಳ್ತಿದ್ರಲ್ಲ. ದಿನಾ ಮುಂಜಾನೆ ಜಳಕಾ ಮಾಡಿ, ವಿಭೂತಿ ಹಚ್ಕೊಂಡು, ಒಂದೊಂದನ್ನೂ ಹತ್ತು ಸಲ ಕುಲುಕಿ, ಆ ಬಿಳಿ ಗೆರಿ ಇದ್ದಲ್ಲೇ ಬರೂಹಂಗ ಇಟ್ಟೀನಿ. ನೀ ಮರತ ಎರಡು ದಿನಾನೂ ಬಿಟ್ಟಿಲ್ಲ."

"ಏನಂತೆ?" ಎಂದರು ಹೈನ್ರಿಶ್.

ಬಾಟಲಿ ತಂದ ಲಾರಿ ದಾರಿಯಲ್ಲಿ ಕುಲುಕಾಡಿರಬೇಕು ಎಂಬ ಸುಳ್ಳು ರುದ್ರೇಶನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ತಾಯಿ ತಾಟು ಹಿಡಿದು, ಈಗ ಶಹಬ್ಬಾಸ್ ಅಂತಾರೆ ಎಂದು ಮುದುಕರ ಮುಖವನ್ನೇ ನೋಡುತ್ತಿದ್ದಳು. ಅವನಿಗೆ ನಾಚಿಕೆಯಾಯಿತು. ತಾಯಿ ಕುಲುಕಿದ್ದನ್ನು ಮುದುಕರಿಗೆ ತಿಳಿಸಿ, ತಾನು ಮರೆತ ಎರಡು ಸಂಜೆಯೂ ಸೇರಿ ಎಲ್ಲವನ್ನೂ ಒಪ್ಪಿಕೊಂಡ. ಆಮೇಲೆ ತಾಯಿಯ ಕಡೆ ತಿರುಗಿದ.

"ಅವ್ವಾ, ಇದು ಔಷಧಿ ಅಲ್ಲ. ಶೆರೆ."

ಪಾರ್ವತೆವ್ವ ತಾಟನ್ನು ಧಡಕ್ಕನೆ ಕೆಳಗಿಟ್ಟಳು. "ಇಪ್ಪತ್ತೊಂದು ದಿನಾ ವಿಭೂತಿ ಹಚ್ಕೊಂಡು ಶೆರೆ ಕುಲುಕಿದ್ನೇನೋ, ಭಾಡ್ಯಾ!"

ಅದರ ಅರ್ಥವನ್ನೂ ಕೇಳಿ ತಿಳಿದುಕೊಂಡ ಹೈನ್ರಿಶ್ ನಗು ತಡೆಯಲಾರದೆ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತುಬಿಟ್ಟರು. ಕಣ್ಣೊರೆಸಿಕೊಂಡು, "ಗಸಿ ಮತ್ತೆ ಇಳಿಯುತ್ತದೆ. ಇನ್ನೊಂದು ತಿಂಗಳು ತಿರುಗಿಸು. ನಿನ್ನ ತಾಯಿಗಿರುವ ನಿಷ್ಠೆಯಲ್ಲಿ ಅರ್ಧ ನಿನಗೆ ಬಂದರೂ ಏಜೆನ್ಸಿ ನಿನ್ನದು" ಎಂದರು.

ರಾತ್ರಿ ಪಾರ್ವತೆವ್ವ ಮಗನಿಗೆ ಊಟ ಬಡಿಸಿಟ್ಟು ತನ್ನ ಕೋಣೆಗೆ ಹೋಗಿಬಿಟ್ಟಳು.

ಬೆಳಗ್ಗೆ ರುದ್ರೇಶ ಗ್ಯಾರೇಜಿಗೆ ಇಳಿದರೆ ದೀಪ ಉರಿಯುತ್ತಿತ್ತು. ತಾಯಿ ಹಳೇ ಸೀರೆಯ ಮೇಲೆ ಸ್ವೆಟರ್ ತೊಟ್ಟು ಹಲಗೆಯ ಮುಂದೆ ನಿಂತಿದ್ದಳು. ಹಣೆಯಲ್ಲಿ ವಿಭೂತಿ ಇರಲಿಲ್ಲ.

"ಬ್ಯಾಡ ಅವ್ವಾ, ನಾ ಮಾಡ್ತೀನಿ."

"ನೀ ಮರೀತಿ. ಕೆಡಿಸಿದಾಕಿ ನಾ, ನಾನ ನೆಟ್ಟಗ ಮಾಡ್ತೀನಿ. ಮೊದಲ ಇದು, ಆಮ್ಯಾಲ ಜಳಕ. ಹೋಗು, ಬಾಯ್ಲರ್ ಹಚ್ಚು."

ಅವನು ಬಾಯ್ಲರ್ ಹಚ್ಚಿ ಬರುವಷ್ಟರಲ್ಲಿ ಅವಳು ಕೊನೆಯ ಸಾಲಿಗೆ ಬಂದಿದ್ದಳು. ಮೂಗಿಗೆ ಸೆರಗು ಹಿಡಿದು, ಎರಡೇ ಬೆರಳಲ್ಲಿ, ಇಪ್ಪತ್ತನಾಲ್ಕನೆಯ ಬಾಟಲಿಯನ್ನು ಗೆರೆ ನೋಡಿ ನೋಡಿ ತಿರುಗಿಸುತ್ತಿದ್ದಳು.