ಹನ್ನೊಂದು ನಿಮಿಷ

ಮಾರ್ಚ್ ತಿಂಗಳ ಇಳಿಹೊತ್ತು... ಹೆಪ್ಪುಗಟ್ಟಿದ ಸುಪೀರಿಯರ್ ಸರೋವರದ ಹಿಮರಾಶಿ ಸಂಧ್ಯಾಕಿರಣಗಳಲ್ಲಿ ಮಿಂದು ಇನ್ನೂ ಶುಭ್ರಧವಳವಾಗಿಯೇ ಹೊಳೆಯುತ್ತಿತ್ತು. ಆದರೆ ಸಹೃದಯರೇ, ಆ ಹೊಳಪನ್ನು ನಂಬಬೇಡಿ! ಒಳಗೊಳಗೇ ಕರಗಿ ಟೊಳ್ಳಾದ ಮೇಲೂ ಹೊರಗೆ ಗಟ್ಟಿಯಾಗಿ ಕಾಣುವ ಕಲೆಯನ್ನು ಆ ಹಿಮವೂ ಅದರ ದಡದ ಥಂಡರ್ ಬೇ ಊರಿನ ಜನರೂ ಒಬ್ಬರಿಂದೊಬ್ಬರು ಕಲಿತಂತಿದೆ.

ಮೂರು ವಾರದ ಹಿಂದೆ ಆ ಹಿಮ ಬಿರಿದು ಆರು ವರ್ಷದ ಬಾಲೆಯೊಬ್ಬಳು ಮುಳುಗಿದ್ದಳು. ಸೊಂಟಕ್ಕೆ ಹಗ್ಗ ಬಿಗಿದು ನೀರಿಗಿಳಿದವನು ಅಗ್ನಿಶಾಮಕ ದಳದ ಎಸ್ಕೊ. ಅವನ ಮುಷ್ಟಿಯಲ್ಲಿ ಉಳಿದದ್ದು ಕೆಂಪು ಉಣ್ಣೆಯ ಕೈಗವಸು ಮಾತ್ರ. ತುರ್ತು ಕರೆಗಳ ಕೊಠಡಿಯಲ್ಲಿ ಕೂತು, ದಡದಿಂದ ಮಗುವಿನ ತಾಯಿ ಮಾಡಿದ ಕರೆಗೆ ಫೋನೆತ್ತಿದವಳು ಅವನ ಹೆಂಡತಿ ಹೆಲ್ವಿ. ದಳದವರನ್ನು ಕೂರಿಸಿಕೊಂಡು ಆಪ್ತಸಮಾಲೋಚಕರು ಮಾತಾಡಿಸಿದರು, ರಜೆಯೂ ಸಿಕ್ಕಿತು. ಫೋನೆತ್ತಿದವಳು ಮರುದಿನ ಕೆಲಸಕ್ಕೆ ಹೋದಳು.

ಅಂದು ಶನಿವಾರ. ಎಂದಿನಂತೆ ಹಿತ್ತಲಿನ ಸೌನಾ ಎಂಬ ಆವಿಸ್ನಾನದ ಕೋಣೆಯಲ್ಲಿ, ಕಾದ ಕಲ್ಲುಗಳ ಆವಿಯ ನಡುವೆ ದಂಪತಿಗಳು ಕೂತಿದ್ದರು. ಇಪ್ಪತ್ತೊಂದು ದಿನಗಳ ಮೌನ ಆ ಬಿಸಿಗೆ ಕೊನೆಗೂ ಕರಗಿತು...

"ಕೈ ಸಿಕ್ಕಿತ್ತು ಕಣೇ. ಗವಸು ಕಳಚ್ಕೊಂಡ್ಬಿಡ್ತು."

ಈ ಒಂದು ಮಾತಿಗಾಗಿಯೇ ಹಂಬಲಿಸಿದ್ದವಳು ಆಗ ಅವನನ್ನು ತಬ್ಬಿಕೊಳ್ಳಬೇಕಿತ್ತು! ಆದರೆ ಹದಿನಾಲ್ಕು ವರ್ಷ ತುರ್ತು ಕರೆಗಳಿಗೆ ಉತ್ತರಿಸಿದ ಅಭ್ಯಾಸ ಅವಳ ಬಾಯಿಂದ ಮಾತಾಡಿತು: "ಸರಿ. ನಾನು ಇಲ್ಲೇ ಇದ್ದೀನಿ. ನಿಧಾನವಾಗಿ ಉಸಿರು ತಗೊಳ್ಳಿ. ಏನಾಯ್ತು ಹೇಳಿ." ಏರಿಳಿತವಿಲ್ಲದ, ಒರೆಸಿಟ್ಟಂಥ ದನಿ.

ಎಸ್ಕೊ ಎದ್ದು ಬಾಗಿಲಿನ ಹಿಡಿಗೆ ಕೈಹಾಕಿದ. "ಆ ತಾಯಿಗೂ ಇದನ್ನೇ ಹೇಳಿದ್ಯಲ್ಲ? ನಾನು ನಿನ್ನ ಗಂಡ ಕಣೇ, ಕರೆ ಮಾಡ್ದೋನಲ್ಲ! ಚೀಲ ಕಟ್ಟಿಟ್ಟಿದೀನಿ, ನಾಳೆ ಅಣ್ಣನ ಮನೆಗೆ ಹೋಗ್ತೀನಿ. ನಿಂಗೇನ್ ಗೊತ್ತು? ನೀನು ಬರೀ ಫೋನಲ್ಲಿದ್ದೆ."

ಬರೀ ಫೋನಲ್ಲಿ...! ಹೆಲ್ವಿಯ ದನಿ ಒಡೆಯಿತು.

"ಹೌದು ಕಣೋ, ಬರೀ ಫೋನಲ್ಲಿದ್ದೆ. ನಿಮ್ಮ ಗಾಡಿ ಬರೋವರೆಗೂ, ಹನ್ನೊಂದು ನಿಮಿಷ. ಇಳೀಬೇಡಿ, ದಡದಲ್ಲೇ ನಿಂತಿರಿ ಅಂತ ಆ ತಾಯಿಗೆ ಹೇಳ್ದೋಳು ನಾನು. ನನ್ ಮಾತು ಕೇಳಿ ನಿಂತ್ಲು. ನಿಂತ್ಕೊಂಡೇ ನೋಡಿದ್ಲು. ನನ್ನನ್ನ ಯಾರ್ ಕೂರಿಸ್ಕೊಂಡು ಕೇಳಿದ್ರು? ನೀನ್ ಕೇಳಿದ್ಯಾ?"

ಕೇಳಿರಲಿಲ್ಲ, ಮೂರು ವಾರದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಎಸ್ಕೊ ಬಾಗಿಲಿನ ಹಿಡಿ ಬಿಟ್ಟು ಬಂದು, ಅವಳಿಗೆ ತಾಕದಷ್ಟು ದೂರದಲ್ಲಿ ಹಲಗೆಯ ಮೇಲೆ ಕೂತ. ಮೆಲ್ಲಗೆ ಕೇಳಿದ: "ಆ ತಾಯಿ... ಏನಂತಿದ್ಲು?"

ಹೆಲ್ವಿ ಹೇಳತೊಡಗಿದಳು. ಕಲ್ಲುಗಳು ತಣ್ಣಗಾದರೂ ಮುಗಿಯಲಿಲ್ಲ.

ಮರುದಿನ ಎಸ್ಕೊ ಅಣ್ಣನ ಮನೆಗೆ ಹೋಗಲಿಲ್ಲ. ಕಟ್ಟಿದ ಚೀಲವನ್ನು ಬಿಚ್ಚಲೂ ಇಲ್ಲ. ಅಪರಿಚಿತರ ಪ್ರಾಣಕ್ಕಾಗಿ ಹಿಮಜಲಕ್ಕೆ ಧುಮುಕುವ ಹೃದಯವೇ, ಒಂದೇ ಹಾಸಿಗೆಯಲ್ಲಿ ಮುಳುಗುತ್ತಿರುವವರನ್ನು ಕಾಣಲು ನಿನಗೆ ಇಷ್ಟು ತಡವಾಗುವುದೇಕೆ...! ಅನುರಾಗವೆಂದರೆ ಬಹುಶಃ ಇಷ್ಟೇ: ತಡವಾಗಿಯಾದರೂ ಕೇಳುವುದು, ಕೇಳಿದ ಮೇಲೆ ಎದ್ದು ಹೋಗದಿರುವುದು.