ಮೀಟರಿನಲ್ಲಿ ಉಳಿದ ಅಂಕಿಗಳು

ಬೇಕೆಂದೇ ಮಾಡಿದಳೋ, ಗೊತ್ತಾಗದೆ ಮಾಡಿದಳೋ? ಗೊತ್ತಾಗದೆ ಆದದ್ದು ಎಂದುಬಿಟ್ಟರೆ ಎಲ್ಲರೂ ಪಾಪ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಬೇಕೆಂದೇ ಮಾಡಿದ್ದು ಎನ್ನಬೇಕಾದರೆ ಕೈಯಲ್ಲಿ ಏನಾದರೂ ಇರಬೇಕು. ಇದ್ದದ್ದು ಅಂಗೈಯಗಲದ ಒಂದು ಮೀಟರು ಮಾತ್ರ.

ತಕ್ಕಡಿ ರಿಪೇರಿಯ ತನ್ನ ಅಂಗಡಿಯಲ್ಲಿ, ಬಿಚ್ಚಿಟ್ಟ ಸ್ಪ್ರಿಂಗು, ತಿರುಪುಗಳ ನಡುವೆ, ಅಮ್ಮನ ರಕ್ತದ ಸಕ್ಕರೆ ನೋಡುವ ಆ ಮೀಟರನ್ನು ಮುಂದಿಟ್ಟುಕೊಂಡು ಅವನು ಕೂತಿದ್ದ. ಆಸ್ಪತ್ರೆಗೆ ತಂದ ಚೀಲದಲ್ಲಿ ಅದು, ರಕ್ತದ ಹನಿ ಮುಟ್ಟಿಸುವ ಕಡ್ಡಿಗಳ ಡಬ್ಬಿ, ಸೂಜಿಗಳ ಸಮೇತ ಸಿಕ್ಕಿತ್ತು. ಯಾರಿಗೂ ಹೇಳದೆ ಜೇಬಿಗೆ ಹಾಕಿಕೊಂಡಿದ್ದ.

ಆದದ್ದಿಷ್ಟು. ಮಂಗಳವಾರ ಬೆಳಿಗ್ಗೆ ಅತ್ತಿಗೆ ಅಮ್ಮನ ಬೆರಳು ಚುಚ್ಚಿ ನೋಡಿದಳು. ನಾನೂರ ಹನ್ನೆರಡು ಬಂತು. ಡಾಕ್ಟರ ಚೀಟಿಯಲ್ಲಿ ಅಷ್ಟಕ್ಕೆ ಎಷ್ಟು ಎಂದು ಬರೆದಿತ್ತೋ ಅಷ್ಟು ಇನ್ಸುಲಿನ್ ಕೊಟ್ಟಳು. ಒಂಬತ್ತರ ಹೊತ್ತಿಗೆ ಅಮ್ಮ ಬಚ್ಚಲಮನೆಯ ಬಾಗಿಲಲ್ಲಿ ಬಿದ್ದಿದ್ದಳು. ಹಣೆ ಒಡೆದಿತ್ತು, ಮೈಯೆಲ್ಲ ಬೆವರು, ಕರೆದರೆ ಓಗೊಡಲಿಲ್ಲ. ಆಸ್ಪತ್ರೆಯಲ್ಲಿ ನೋಡಿದಾಗ ಸಕ್ಕರೆ ಮೂವತ್ನಾಲ್ಕು.

“ನಾನೂರು ನಿಜವಾಗಿದ್ದಿದ್ರೆ ಇಷ್ಟು ಕೆಳಗೆ ಬರ್ತಿರಲಿಲ್ಲ,” ಡಾಕ್ಟರು ಹೇಳಿದ್ದರು. “ಬೆಳಿಗ್ಗೆ ನೋಡಿದ್ದರಲ್ಲೇ ಏನೋ ತಪ್ಪಾಗಿದೆ.”

ಆ ಮಾತನ್ನು ಅವನು ಮೂರು ದಿನದಿಂದ ನಾಲಿಗೆಯ ಮೇಲಿಟ್ಟುಕೊಂಡು ತಿರುಗುತ್ತಿದ್ದ. ತಪ್ಪಾಗಿದೆ. ಅಂದರೆ ಯಾರೋ ತಪ್ಪು ಮಾಡಿದ್ದಾರೆ. ಅಣ್ಣ ಬಸ್ ಡ್ರೈವರ್, ಬೆಳಕು ಹರಿಯುವ ಮೊದಲೇ ಡಿಪೋದಲ್ಲಿರುತ್ತಾನೆ. ಬೆಳಿಗ್ಗೆ ಮನೆಯಲ್ಲಿ ಇರುವುದು ಅಮ್ಮ ಮತ್ತು ಅತ್ತಿಗೆ ಇಬ್ಬರೇ.

ನಾಲ್ಕು ವರ್ಷದ ಹಿಂದೆ ಅವನೂ ಅದೇ ಮನೆಯಲ್ಲಿದ್ದ. ಒಂದು ದಿನ ನೆಂಟರು ಬಂದಿದ್ದಾಗ, ಊಟಕ್ಕೆ ಕೂತ ಹೊತ್ತಿನಲ್ಲಿ, ಅತ್ತಿಗೆ ನಗುತ್ತಾ ಅಂದಿದ್ದಳು: “ನಮ್ಮ ಮೈದುನನಿಗೆ ಊರಿನವರ ತೂಕವೆಲ್ಲ ಗೊತ್ತು, ತನ್ನ ತೂಕ ಒಂದು ಗೊತ್ತಿಲ್ಲ.” ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಮರುದಿನ ಅವನು ಹತಾರದ ಪೆಟ್ಟಿಗೆ ಹೊತ್ತು ಅಂಗಡಿಯ ಮೇಲಿನ ಕೋಣೆಗೆ ಬಂದುಬಿಟ್ಟ. ಯಾರೂ ತಡೆಯಲಿಲ್ಲ. ಅಮ್ಮ ಮಾತ್ರ ಬಾಗಿಲವರೆಗೆ ಬಂದು, ಊಟ ಮಾಡಿಕೊಂಡು ಹೋಗು ಎಂದಳು. ಆ ನಗು ಅವನ ಕಿವಿಯಿಂದ ಇನ್ನೂ ಇಳಿದಿರಲಿಲ್ಲ.

ಈಗ ಲೆಕ್ಕ ಚುಕ್ತಾ ಮಾಡುವ ದಿನ ಬಂದಿತ್ತು. ಸೋದರಮಾವನಿಗೆ ಫೋನ್ ಮಾಡಿ, ಭಾನುವಾರ ಎಲ್ಲರೂ ಅಣ್ಣನ ಮನೆಯಲ್ಲಿ ಕೂರಬೇಕು ಎಂದಿದ್ದ. ಅತ್ತಿಗೆ ಎಲ್ಲರ ಮುಂದೆ ತಪ್ಪು ಒಪ್ಪಿಕೊಳ್ಳಬೇಕು. ಆಮೇಲೆ ಅಮ್ಮನನ್ನು ಅವನು ತನ್ನ ಕೋಣೆಗೆ ಕರೆದುಕೊಂಡು ಹೋಗುತ್ತಾನೆ. ಎರಡನೆಯದಕ್ಕಿಂತ ಮೊದಲನೆಯದನ್ನೇ ಅವನು ಹೆಚ್ಚು ಸಲ ಕಲ್ಪಿಸಿಕೊಂಡಿದ್ದ. ಅವಳು ಎಲ್ಲಿ ನಿಂತಿರುತ್ತಾಳೆ, ಕೈ ಎಲ್ಲಿಟ್ಟುಕೊಂಡಿರುತ್ತಾಳೆ, ಎಲ್ಲವನ್ನೂ.

ಮೀಟರಿನ ಗುಂಡಿ ಒತ್ತಿದರೆ ಹಳೆಯ ಅಂಕಿಗಳು ತಾರೀಖಿನ ಸಮೇತ ಒಂದೊಂದಾಗಿ ಬರುತ್ತಿದ್ದವು. ಅವನು ಕಾಗದದ ಮೇಲೆ ಬರೆದುಕೊಳ್ಳುತ್ತ ಹೋದ. ನೂರ ಹದಿನೆಂಟು. ನೂರ ಇಪ್ಪತ್ತಾರು. ಮುನ್ನೂರ ಐದು. ನೂರ ಮೂವತ್ತೊಂದು. ನೂರ ಇಪ್ಪತ್ತೆರಡು. ಮುನ್ನೂರ ಅರವತ್ತು. ಮತ್ತೆ ನೂರ ಚಿಲ್ಲರೆ, ಮತ್ತೆ ಕೊನೆಗೆ ಆ ನಾನೂರ ಹನ್ನೆರಡು. ಮೂರು ಸಲ ಮಾತ್ರ ಅಂಕಿ ಹಾರಿತ್ತು. ಮಂಗಳವಾರ, ಶುಕ್ರವಾರ, ಮಂಗಳವಾರ.

ಅವನ ಬೆನ್ನು ನೆಟ್ಟಗಾಯಿತು. ಮಂಗಳವಾರ ಮತ್ತು ಶುಕ್ರವಾರ ತರಕಾರಿ ಮಂಡಿಯ ತಕ್ಕಡಿಗಳನ್ನು ನೋಡಲು ಅವನು ಹೋಗುವ ದಿನ. ಹೋಗುವ ದಾರಿಯಲ್ಲಿ, ಆರೂಕಾಲಿಗೆ, ಅತ್ತಿಗೆ ಸ್ನಾನಕ್ಕೆ ಹೋದಾಗ, ಹಿತ್ತಿಲ ಬಾಗಿಲಿಗೆ ಬಂದು ಅಮ್ಮನನ್ನು ನೋಡಿ ಹೋಗುತ್ತಿದ್ದ. ಅತ್ತಿಗೆಯ ಮುಖ ನೋಡುವ ಅಗತ್ಯವಿರಲಿಲ್ಲ. ಅಂದರೆ ಅವನು ಬರುವುದು ಅವಳಿಗೆ ಗೊತ್ತಾಗಿದೆ. ಅವನು ಬಂದು ಹೋದ ದಿನವೇ ಅಂಕಿ ಹೆಚ್ಚು ತೋರಿಸಿ, ಮಗ ತಿನ್ನಿಸಿ ಹಾಳು ಮಾಡುತ್ತಿದ್ದಾನೆ ಎಂದು ಹೇಳಲು ಹೊಂಚು ಹಾಕಿದ್ದಾಳೆ. ಹೇಗೆ ಎಂದು ಗೊತ್ತಿಲ್ಲ. ಆದರೆ ಮಾಡಿದ್ದಾಳೆ. ಕಾಗದವನ್ನು ಅವನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟ. ಬಹಳ ದಿನದ ಮೇಲೆ ಹಸಿವಾಯಿತು.

ಒಂದು ಪ್ರಶ್ನೆ ಉಳಿದಿತ್ತು. ಮಾವ ಕೇಳದೆ ಬಿಡುವ ಮನುಷ್ಯನಲ್ಲ: ಯಂತ್ರ ಸರಿ ಇದೆ ಎಂದು ನೀನು ಹೇಗೆ ಹೇಳ್ತೀಯೋ? ಅದಕ್ಕೆ ಉತ್ತರ ಬೇಕು. ಯಾವ ತಕ್ಕಡಿಯನ್ನೂ ಅವನು ಬಾಯಿಮಾತಿನ ಮೇಲೆ ಒಪ್ಪಿದವನಲ್ಲ. ಕಡ್ಡಿಗಳ ಡಬ್ಬಿ ನೋಡಿದ. ಮುಚ್ಚಳ ಬಿಗಿಯಾಗಿತ್ತು, ಅವಧಿ ಮುಗಿಯಲು ಇನ್ನೂ ಏಳು ತಿಂಗಳಿತ್ತು. ಬಳಸದ ಸೂಜಿಗಳು ಬೇರೆಯೇ ಇದ್ದವು. ಅಷ್ಟರ ಮಟ್ಟಿಗೆ ಅತ್ತಿಗೆಯ ಕೆಲಸ ಚೊಕ್ಕಟವಾಗಿತ್ತು. ಅದು ಅವನಿಗೆ ಹಿಡಿಸಲಿಲ್ಲ.

ಮೇಜಿನ ಮೂಲೆಯಲ್ಲಿ, ಆಸ್ಪತ್ರೆಗೆ ಒಯ್ದು ವಾಪಸು ತಂದ ದ್ರಾಕ್ಷಿಯ ಪೊಟ್ಟಣ ಸೋರುತ್ತಿತ್ತು. ಅದನ್ನು ಎತ್ತಿ ಬುಟ್ಟಿಗೆ ಹಾಕಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಹೊಸ ಸೂಜಿ ಹಾಕಿ ಬಲಗೈಯ ಬೆರಳನ್ನು ಚುಚ್ಚಿ, ಕಡ್ಡಿಯ ತುದಿಗೆ ರಕ್ತದ ಹನಿ ಮುಟ್ಟಿಸಿದ.

ಮುನ್ನೂರ ಎಂಬತ್ತೆಂಟು.

ಮೊದಲು ಬಂದದ್ದು ಭಯ. ನನಗೂ ಬಂತೇ ಈ ಕಾಯಿಲೆ? ಅದರ ಬೆನ್ನಿಗೇ ಬಂದದ್ದು ಖುಷಿ. ಯಂತ್ರವೇ ಸುಳ್ಳು, ಸುಳ್ಳು ಯಂತ್ರವನ್ನು ನಂಬಿ ಅಮ್ಮನಿಗೆ ಚುಚ್ಚಿದ್ದಾಳೆ. ಪೊಟ್ಟಣ ಮುಟ್ಟದ ಎಡಗೈಯ ಬೆರಳನ್ನು ಚುಚ್ಚಿದ. ತೊಂಬತ್ತೇಳು.

ಅವನು ಎರಡೂ ಅಂಕಿಗಳನ್ನು ಬರೆದು ಸುಮ್ಮನೆ ನೋಡಿದ. ಒಂದೇ ಸರಕಿಗೆ ತಕ್ಕಡಿ ಎರಡು ತೂಕ ತೋರಿಸಿದರೆ ಅವನು ಮೊದಲು ಸ್ಪ್ರಿಂಗನ್ನು ಬಿಚ್ಚುವುದಿಲ್ಲ. ತಟ್ಟೆಯ ಮೇಲೆ ಏನು ಮೆತ್ತಿದೆ ಎಂದು ನೋಡುತ್ತಾನೆ. ಎದ್ದು ನಲ್ಲಿಯ ಹತ್ತಿರ ಹೋಗಿ ಸೋಪು ಹಾಕಿ ಬಲಗೈ ತೊಳೆದ, ಒಣಗಿದ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದ, ಅದೇ ಕೈಯ ಬೆರಳನ್ನು ಚುಚ್ಚಿದ.

ತೊಂಬತ್ತೈದು.

ಅಮ್ಮನ ಬಾಯಲ್ಲಿ ಹಲ್ಲಿಲ್ಲ. ದ್ರಾಕ್ಷಿಯ ಸಿಪ್ಪೆ ಗಂಟಲಿಗೆ ಅಂಟುತ್ತದೆ ಎಂದು ಪ್ರತಿಯೊಂದು ಹಣ್ಣನ್ನೂ ಉಗುರಿನಲ್ಲಿ ಸುಲಿದು, ತಿರುಳನ್ನು ಮಾತ್ರ ಬಾಯಿಗೆ ಹಾಕಿಕೊಳ್ಳುತ್ತಾಳೆ. “ನಾಲ್ಕೇ ನಾಲ್ಕು ಕಣೋ. ಅವಳಿಗೆ ಹೇಳ್ಬೇಡ,” ಎನ್ನುತ್ತಾಳೆ. ಕೈಯನ್ನು ಶಾಲಿಗೆ ಒರೆಸಿಕೊಂಡು ಒಳಗೆ ಹೋಗುತ್ತಾಳೆ. ಅವಳ ಬೆರಳನ್ನು ಅತ್ತಿಗೆ ಹಿಡಿಯುವ ಹೊತ್ತಿಗೆ ಆ ನಾಲ್ಕು ಹಣ್ಣು ಹೊಟ್ಟೆಯಲ್ಲಿ ಕರಗಿಯೂ ಇರುವುದಿಲ್ಲ. ರಸ ಮಾತ್ರ ಬೆರಳಿನಲ್ಲೇ ಇರುತ್ತದೆ, ರಕ್ತದ ಹನಿಯ ಜೊತೆ ಸೇರಲು.

ದ್ರಾಕ್ಷಿ ಮಂಡಿಗೆ ಬರತೊಡಗಿ ಹತ್ತು ದಿನವಾಗಿತ್ತು. ಅವನು ಮೂರು ಸಲ ಕೊಟ್ಟಿದ್ದ.

ಭಾನುವಾರ ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಎಲ್ಲರೂ ಕೂತಿದ್ದರು. ಅಮ್ಮ ಹಣೆಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲಿದ್ದಳು. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ, ಅವನು ಕಲ್ಪಿಸಿಕೊಂಡಿದ್ದ ಜಾಗದಲ್ಲೇ, ನಿಂತಿದ್ದಳು.

“ಏನೋ ತಕ್ಕಡಿ,” ಮಾವ ಅಂದ. “ಎಲ್ಲರನ್ನೂ ಕೂರಿಸಿ ನೀನೇ ಬಾಯಿ ಹೊಲಿದುಕೊಂಡು ಕೂತ್ರೆ ಹೇಗೆ? ನಾನು ಎರಡು ಬಸ್ಸು ಬದಲಾಯಿಸಿ ಬಂದಿದ್ದೀನಿ.”

“ಅವರೇನು ಹೇಳೋದು ಮಾವ, ಫೋನಲ್ಲೇ ಎಲ್ಲರಿಗೂ ಹೇಳಿ ಆಯ್ತಲ್ಲ,” ಅತ್ತಿಗೆಯ ದನಿ ಏರಿರಲಿಲ್ಲ. “ನಾನು ಅತ್ತೇನ ಕೊಲ್ಲೋಕೆ ಹೋದೆ ಅಂತ. ನನ್ನ ತವರಿಗೂ ಮುಟ್ಟಿದೆ ಸುದ್ದಿ. ಆರು ವರ್ಷದಿಂದ ದಿನಾ ಸೂಜಿ ಹಿಡಿದವಳು ನಾನು. ಇವರು ಒಂದು ದಿನ ಬಂದು, ಅತ್ತಿಗೆ, ಇವತ್ತು ನೀವು ಮಲಗಿ, ನಾನು ನೋಡ್ತೀನಿ ಅಂದಿದ್ದಾರಾ, ಕೇಳಿ.”

“ಸಾಕು ಸುಮ್ಮನಿರು,” ಅಣ್ಣ ಅಂದ.

“ಯಾಕೆ ಸುಮ್ಮನಿರ್ಲಿ? ಮುನ್ನೂರು ಬಂದ ದಿನವೇ ಕ್ಲಿನಿಕ್ಕಿಗೆ ಫೋನ್ ಮಾಡಿದ್ದೆ. ಚೀಟಿ ಪ್ರಕಾರ ಕೊಡಿ ಅಂದ್ರು. ಕೊಟ್ಟೆ. ಇನ್ನೇನು ಮಾಡಬೇಕಿತ್ತು?”

ಅವನು ಮೀಟರನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಅತ್ತಿಗೆಯ ಕಣ್ಣು ಅದರ ಮೇಲೆ ಬಿತ್ತು. ನಾಲ್ಕು ದಿನದಿಂದ ಮನೆಯೆಲ್ಲ ಹುಡುಕಿದ್ದಳೆಂದು ಆ ನೋಟದಿಂದಲೇ ತಿಳಿಯುತ್ತಿತ್ತು.

“ಒಂದೇ ಪ್ರಶ್ನೆ, ಅತ್ತಿಗೆ. ಬೆರಳು ಚುಚ್ಚೋ ಮುಂಚೆ ಅಮ್ಮನ ಕೈ ತೊಳೆಸ್ತಿದ್ರಾ?”

“ಮೊದಮೊದಲು ತೊಳೆಸ್ತಿದ್ದೆ. ಚಳಿ ಶುರುವಾದ ಮೇಲೆ ಅವರ ಬೆರಳಿನ ಗಂಟು ನೋಯುತ್ತೆ, ತಣ್ಣೀರು ಬೇಡ ಅಂತಾರೆ. ಬಟ್ಟೆಯಲ್ಲಿ ಒರೆಸ್ತಿದ್ದೆ.”

“ಕ್ಲಿನಿಕ್ಕಿನಲ್ಲಿ ಏನು ಹೇಳಿಕೊಟ್ಟಿದ್ರು?”

“ತೊಳೆಸಿ ಅಂತ.”

“ಅಷ್ಟು ಹೆಚ್ಚು ಬಂದಾಗ ಕೈ ತೊಳೆಸಿ ಇನ್ನೊಂದು ಸಲ ನೋಡಿದ್ರಾ?”

“ಇಲ್ಲ.”

“ಬೆರಳಿಗೆ ಸಿಹಿ ಅಂಟಿದ್ರೆ ಮೀಟರು ಅದನ್ನೂ ಸೇರಿಸಿ ತೋರಿಸುತ್ತೆ. ನಾನು ನನ್ನ ಮೇಲೇ ನೋಡಿದೆ. ಅಂಟಿದ ಕೈಗೆ ಮುನ್ನೂರ ಎಂಬತ್ತೆಂಟು. ತೊಳೆದ ಮೇಲೆ ತೊಂಬತ್ತೈದು.”

ಮಾವ ತೊಡೆಯ ಮೇಲೆ ಕೈ ಬಡಿದ. “ಹಾಗಾದ್ರೆ ಆಯ್ತಲ್ಲ. ತಪ್ಪು ಸಿಕ್ತು.”

ಅಣ್ಣ ಹೆಂಡತಿಯ ಕಡೆ ತಿರುಗಿದ. “ನೀರು ಕಾಯಿಸೋಕೆ ಆಗ್ತಿರಲಿಲ್ವಾ ನಿನಗೆ? ಒಂದು ಲೋಟ ಬಿಸಿನೀರು. ಅಷ್ಟಕ್ಕೆ ಅಮ್ಮನ ಜೀವ ಹೋಗ್ತಿತ್ತಲ್ಲ.”

ಬಾಗಿಲ ಚೌಕಟ್ಟನ್ನು ಹಿಡಿದಿದ್ದ ಅತ್ತಿಗೆಯ ಕೈ ಕೆಳಗೆ ಜಾರಿತು. ಅವನು ನಾಲ್ಕು ವರ್ಷ ಕಾದದ್ದು ಈ ಮುಖಕ್ಕಾಗಿ. ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಇಲ್ಲಿಗೆ ನಿಲ್ಲಿಸಿದರೆ ಸಾಕು. ಬೆರಳಿಗೆ ಸಿಹಿ ಎಲ್ಲಿಂದ ಬಂತು ಎಂದು ಯಾರೂ ಕೇಳಿರಲಿಲ್ಲ. ಅಡುಗೆಮನೆ ಎಂದ ಮೇಲೆ ಸಿಹಿ ಇರುವುದೇ ಎಂದು ಎಲ್ಲರೂ ಅಂದುಕೊಂಡಿದ್ದರು. ಅಮ್ಮ ಮಾತ್ರ ಎರಡೂ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡಿದ್ದಳು. ಅವಳು ಅವನನ್ನು ನೋಡುತ್ತಿರಲಿಲ್ಲ. ಅವಳು ಬಾಯಿ ಬಿಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಸೊಸೆಯನ್ನು ಬಿಟ್ಟುಕೊಟ್ಟಾಳು, ಮಗನನ್ನು ಬಿಟ್ಟುಕೊಡಳು.

ಅದನ್ನೇ ಅವನಿಂದ ತಡೆಯಲಾಗಲಿಲ್ಲ. ಅತ್ತಿಗೆಯ ಮುಖವನ್ನು ಇನ್ನಷ್ಟು ಹೊತ್ತು ನೋಡಬಹುದಿತ್ತು. ಶಾಲಿನೊಳಗಿನ ಕೈಗಳನ್ನು ನೋಡಲಾಗಲಿಲ್ಲ.

“ದ್ರಾಕ್ಷಿ,” ಅವನು ಅಂದ. “ಅಮ್ಮನಿಗೆ ದ್ರಾಕ್ಷಿ ಕೊಟ್ಟಿದ್ದು ನಾನು. ಮೂರು ಸಲ. ಮೂರು ಸಲವೂ ಅದೇ ದಿನ ಅಂಕಿ ಏರಿದೆ.”

ಮಾವನ ಕೈ ತೊಡೆಯ ಮೇಲೇ ನಿಂತಿತು. “ಏನಂದೆ?”

“ಅಮ್ಮ ಸುಲಿದು ತಿಂತಾಳೆ. ರಸ ಬೆರಳಲ್ಲಿರುತ್ತೆ.”

ಅತ್ತಿಗೆ ಬಾಗಿಲಿನಿಂದ ಎರಡು ಹೆಜ್ಜೆ ಮುಂದೆ ಬಂದಳು. “ಯಾವಾಗ ಬರ್ತಿದ್ರಿ?”

“ಆರೂಕಾಲಿಗೆ.”

“ಯಾವ ಬಾಗಿಲಿಂದ?”

“ಹಿತ್ತಿಲ ಬಾಗಿಲಿಂದ.”

“ನಾನು ಸ್ನಾನಕ್ಕೆ ಹೋದಾಗ.”

“ಹೌದು.”

ಅವಳು ಕೂಗಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಎದುರು ಮಾತಾಡಬಹುದಿತ್ತು, ಎದ್ದು ಹೋಗಬಹುದಿತ್ತು. ಅವಳು ಅವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಆಮೇಲೆ ಒಳಗೆ ಹೋಗಿ ಕಡ್ಡಿ ಸೂಜಿಗಳನ್ನಿಡುವ ಪುಟ್ಟ ಪೆಟ್ಟಿಗೆ, ಅಂಕಿ ಬರೆದಿಡುವ ಪುಸ್ತಕ ಎರಡನ್ನೂ ತಂದು ಅವನ ಮಡಿಲಲ್ಲಿಟ್ಟಳು.

“ನಾಳೆಯಿಂದ ಬೆಳಿಗ್ಗೆ ನೀವೇ ನೋಡಿ. ಮುಂಬಾಗಿಲಿಂದ ಬನ್ನಿ.”

“ಏನಮ್ಮಾ ಇದು,” ಮಾವ ಶುರುಮಾಡಿದ.

“ಶಿಕ್ಷೆ ಅಂತಾನೇ ಅಂದುಕೊಳ್ಳಿ ಮಾವ,” ಅವಳು ಅಂದಳು. “ಆರು ವರ್ಷ ನಾನು ಅನುಭವಿಸಿದ್ದೀನಿ. ಅವರೂ ಸ್ವಲ್ಪ ಅನುಭವಿಸಲಿ.”

ಮರುದಿನ ಆರೂವರೆಗೆ ಅವನು ಮುಂಬಾಗಿಲು ತಟ್ಟಿದ. ಅತ್ತಿಗೆ ಬಾಗಿಲು ತೆರೆದು, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಒಲೆಯ ಮೇಲೆ ನೀರು ಕಾಯಿಸಿಟ್ಟಿದ್ದಳು. ಅವನು ಅದನ್ನು ಬೋಗುಣಿಗೆ ಹಾಕಿ, ಹದ ನೋಡಿ, ಅಮ್ಮನ ಬೆರಳುಗಳನ್ನು ಒಂದೊಂದಾಗಿ ಸೋಪಿನಲ್ಲಿ ತೊಳೆದ. ಗಂಟುಗಳು ಅವನು ತಿಳಿದದ್ದಕ್ಕಿಂತ ದಪ್ಪವಾಗಿದ್ದವು.

“ಒದ್ದೆ ಇದೆ ಇನ್ನೂ,” ಅತ್ತಿಗೆ ಬಾಗಿಲಿನಿಂದಲೇ ಅಂದಳು. “ಸರಿಯಾಗಿ ಒರೆಸಿ. ನೀರು ಸೇರಿದ್ರೆ ಕಡಿಮೆ ತೋರಿಸುತ್ತೆ.”

ಒರೆಸಿದ.

“ತುದಿಗೆ ಚುಚ್ಚಬೇಡಿ. ಪಕ್ಕಕ್ಕೆ. ಆ ಬೆರಳಿಗೆ ಆಸ್ಪತ್ರೆಯಲ್ಲೇ ಸಾಕಷ್ಟು ಚುಚ್ಚಿದ್ದಾರೆ, ಬೇರೆ ಬೆರಳು ಹಿಡೀರಿ.”

“ಇವಳು ಯಾವ ಸ್ಕೂಲಿನ ಮೇಷ್ಟ್ರೋ,” ಅಮ್ಮ ಗೊಣಗಿದಳು. “ಇಬ್ಬರೂ ಸೇರಿ ನನ್ನ ಬೆರಳನ್ನ ಜರಡಿ ಮಾಡ್ತೀರ.”

ನೂರ ಇಪ್ಪತ್ನಾಲ್ಕು ಬಂತು. ಅವನು ಪುಸ್ತಕದಲ್ಲಿ ತಾರೀಖಿನ ಮುಂದೆ ಬರೆದ. ಅದರ ಮೇಲಿನ ಸಾಲುಗಳೆಲ್ಲ ಅತ್ತಿಗೆಯ ದುಂಡು ಅಕ್ಷರದಲ್ಲಿದ್ದವು, ಆರು ವರ್ಷ, ಆ ಮಂಗಳವಾರದವರೆಗೆ ಒಂದು ದಿನವೂ ಬಿಡದೆ. ನಾನೂರ ಹನ್ನೆರಡರ ಪಕ್ಕದಲ್ಲಿ ಅವಳು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು. ಆ ಬೆಳಿಗ್ಗೆ ಅವಳಿಗೂ ಅನುಮಾನ ಬಂದಿತ್ತು, ಚೀಟಿ ಪ್ರಕಾರ ಕೊಡಿ ಎಂದವರನ್ನು ಬಿಟ್ಟು ಬೇರೆ ಯಾರನ್ನು ಕೇಳುವುದೆಂದು ತಿಳಿದಿರಲಿಲ್ಲ.

ಒಂದು ತಿಂಗಳಾದ ಮೇಲೂ ಅವನು ಬರುತ್ತಿದ್ದ. ಅತ್ತಿಗೆ ಈಗ ಬಾಗಿಲಲ್ಲಿ ನಿಂತು ನೋಡುತ್ತಿರಲಿಲ್ಲ. ಕಾಫಿಯ ಲೋಟವನ್ನು ಮೇಜಿನ ಮೇಲಿಟ್ಟು ಹೋಗುತ್ತಿದ್ದಳು. ಹಳೆಯ ಮಾತನ್ನು ಅವಳು ತೆಗೆಯಲಿಲ್ಲ, ಅವನೂ ತೆಗೆಯಲಿಲ್ಲ. ತಪ್ಪಾಯಿತು ಎಂದು ಒಂದು ದಿನ ಅವನು ಹೇಳಿದ. ಅವಳು, ಕಾಫಿ ಆರುತ್ತೆ, ಕುಡೀರಿ ಎಂದಳು.

ಆ ಮಂಗಳವಾರ ಆಸ್ಪತ್ರೆಯಲ್ಲಿ ಅಮ್ಮ ಕಣ್ಣು ತೆರೆದ ಹೊತ್ತಿನಲ್ಲಿ ಅವನು ಮಂಚದ ಪಕ್ಕದಲ್ಲೇ ಇದ್ದ. ಅತ್ತಿಗೆ ಗೋಡೆಗೊರಗಿ ಬಿಕ್ಕಿಬಿಕ್ಕಿ ಅತ್ತಿದ್ದಳು. ಅವಳನ್ನು ನೋಡಿ ಅವನಿಗೆ ಆ ಕ್ಷಣದಲ್ಲಿ ಅನಿಸಿದ್ದು, ಅಮ್ಮ ಬದುಕಿಕೊಂಡಳು, ಇವಳು ತಪ್ಪಿಸಿಕೊಂಡುಬಿಟ್ಟಳಲ್ಲ ಎಂದು. ಅದನ್ನು ಅವನು ಅತ್ತಿಗೆಗೆ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ.